ಧ್ರುವ ಕೇಂದ್ರದಲ್ಲಿ ಗಾಳಿಯ ಗುಣಮಟ್ಟ ಅಳೆಯುವುದು: ಕಂಟೇನರ್ ಎಲ್ಲಿಡಬೇಕು, ಕೇಂದ್ರದ ಹೊಗೆಯನ್ನು ಹೇಗೆ ಬೇರ್ಪಡಿಸಬೇಕು?

ದಕ್ಷಿಣವಾಯು (ಪ್ರಶ್ನೆ)

ಅಂಟಾರ್ಕ್ಟಿಕದ ಕರಾವಳಿಯ ಒಂದು ಕೇಂದ್ರದಲ್ಲಿ ವರ್ಷವಿಡೀ ಗಾಳಿಯ ಗುಣಮಟ್ಟ ಅಳೆಯುವ ವ್ಯವಸ್ಥೆ ಕೂರಿಸಬೇಕಿದೆ. ಚಳಿಗಾಲದಲ್ಲಿ 25 ಜನ, ಬೇಸಿಗೆಯಲ್ಲಿ ಅದರ ಎರಡು ಪಟ್ಟು. ವಿದ್ಯುತ್ತಿಗೆ ಡೀಸೆಲ್ ಜನರೇಟರ್. ಹಡಗು ವರ್ಷಕ್ಕೊಮ್ಮೆ ಮಾತ್ರ ಬರುತ್ತದೆ. ಗಾಳಿ ಶೇ 70ರಷ್ಟು ಹೊತ್ತು ಪೂರ್ವ ಮತ್ತು ಆಗ್ನೇಯದಿಂದ, ಅಂದರೆ 90–135 ಡಿಗ್ರಿಯಿಂದ ಬೀಸುತ್ತದೆ.

ಪಟ್ಟಿಯಲ್ಲಿರುವ ಯಂತ್ರಗಳು: ಪಿಎಂ 2.5ಕ್ಕೆ (2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ತೇಲುಕಣ) ಬೀಟಾ ಮಾನಿಟರ್, ಕಪ್ಪು ಇಂಗಾಲಕ್ಕೆ ಏಳು ತರಂಗಾಂತರದ ಈಥಲೋಮೀಟರ್, ನೇರಳಾತೀತ ಬೆಳಕಿನ ಓಝೋನ್ ಯಂತ್ರ, ಸಾಮಾನ್ಯ ನೈಟ್ರೋಜನ್ ಆಕ್ಸೈಡ್ ಯಂತ್ರ, ಜೊತೆಗೆ ಹತ್ತು ಅಗ್ಗದ ಪಿಎಂ ಸೆನ್ಸರ್. ಇವನ್ನಿಡುವ ಕಂಟೇನರನ್ನು ಕೇಂದ್ರದ ಪಶ್ಚಿಮಕ್ಕೆ 300 ಮೀಟರ್ ದೂರದಲ್ಲಿ ಇಡುವ ಆಲೋಚನೆ ಇದೆ, ಏಕೆಂದರೆ ಅಲ್ಲಿಯವರೆಗೆ ಕೇಬಲ್ ಈಗಾಗಲೇ ಹೋಗಿದೆ.

ಕೇಳಬೇಕಾದದ್ದು ಮೂರು. ಈ ಜಾಗ ಸರಿಯೇ? ಮೈನಸ್ 35 ಡಿಗ್ರಿಯಲ್ಲಿ ಇನ್‌ಲೆಟ್ (ಹೊರಗಿನ ಗಾಳಿ ಎಳೆಯುವ ಕೊಳವೆ) ಹೇಗಿರಬೇಕು? ಕೇಂದ್ರದ ಹೊಗೆ ತಾಗಿದ ದತ್ತಾಂಶವನ್ನು ಯಾವ ಅಳತೆಗೋಲಿನಿಂದ ತೆಗೆಯಬೇಕು?

---

ಕಣಗಣಕ

ಜಾಗ ಸರಿಯಿಲ್ಲ. ಪೂರ್ವದಿಂದ ಗಾಳಿ ಬೀಸುವಲ್ಲಿ ಪಶ್ಚಿಮಕ್ಕೆ ಕಂಟೇನರ್ ಇಟ್ಟರೆ ನೀವು ವರ್ಷದ ಬಹುಪಾಲು ಅಳೆಯುವುದು ನಿಮ್ಮದೇ ಜನರೇಟರಿನ ಹೊಗೆಯನ್ನು. ಕೇಬಲ್ ಇದೆಯೆಂಬ ಕಾರಣಕ್ಕೆ ಜಾಗ ಆರಿಸಬೇಡಿ. ಮುಂದಿನ ಹತ್ತು ವರ್ಷದ ದತ್ತಾಂಶದ ಹಣೆಬರಹ ಈ ಒಂದು ತೀರ್ಮಾನದಲ್ಲಿದೆ.

ಯಂತ್ರಗಳ ಮಾತಿಗೆ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು. 'ಇಲ್ಲಿನ ಜನ ಉಸಿರಾಡುವ ಗಾಳಿ ಹೇಗಿದೆ' ಎಂಬುದು ಒಂದು ಪ್ರಶ್ನೆ. 'ಖಂಡದ ಹಿನ್ನೆಲೆ ಗಾಳಿ ಹೇಗಿದೆ' ಎಂಬುದು ಇನ್ನೊಂದು. ಎರಡಕ್ಕೂ ಜಾಗ ಬೇರೆ, ಯಂತ್ರ ಬೇರೆ. ನಿಮ್ಮ ಪಟ್ಟಿ ಎರಡನ್ನೂ ಒಂದೇ ಕಂಟೇನರಿನಲ್ಲಿ ತುಂಬಿದೆ.

ಹಿನ್ನೆಲೆ ಗಾಳಿಗೆ ಕಂಟೇನರ್ ಕೇಂದ್ರಕ್ಕಿಂತ ಮೊದಲು ಗಾಳಿಗೆ ಸಿಗುವ ಕಡೆ, ನಿಮ್ಮಲ್ಲಿ ಆಗ್ನೇಯಕ್ಕೆ, ಒಂದರಿಂದ ಒಂದೂವರೆ ಕಿ.ಮೀ. ದೂರದಲ್ಲಿ ಇರಬೇಕು. ಜರ್ಮನಿಯ ನೊಯ್‌ಮಾಯರ್ ಕೇಂದ್ರದ ವಾಯು ರಸಾಯನ ವೀಕ್ಷಣಾಲಯ ಮುಖ್ಯ ಕಟ್ಟಡದಿಂದ ಸುಮಾರು 1.5 ಕಿ.ಮೀ. ದಕ್ಷಿಣಕ್ಕಿದೆ. ಬ್ರಿಟನ್ನಿನ ಹ್ಯಾಲಿ ಕೇಂದ್ರದ ಶುದ್ಧ ಗಾಳಿ ಪ್ರಯೋಗಾಲಯವೂ ಒಂದು ಕಿ.ಮೀ. ಆಸುಪಾಸಿನ ದೂರದಲ್ಲಿದೆ. ದಕ್ಷಿಣ ಧ್ರುವದಲ್ಲಿ ಗ್ರಿಡ್ ದಿಕ್ಕು (ಶೂನ್ಯ ರೇಖಾಂಶವನ್ನು ಉತ್ತರವೆಂದು ಹಿಡಿದ ದಿಕ್ಕು) 340ರಿಂದ 110 ಡಿಗ್ರಿವರೆಗಿನ ವಲಯವನ್ನೇ 'ಶುದ್ಧ ಗಾಳಿ ವಲಯ' ಎಂದು ಮೀಸಲಿಟ್ಟಿದ್ದಾರೆ. ನೀವೂ ಕಂಟೇನರಿನ ಆಗ್ನೇಯದ ವಲಯವನ್ನು ನಕ್ಷೆಯಲ್ಲಿ ಗೆರೆ ಹಾಕಿ ಗುರುತಿಸಿ, ವಾಹನ, ಹೆಲಿಕಾಪ್ಟರ್ ಯಾವುದೂ ಅಲ್ಲಿ ಸುಳಿಯದಂತೆ ಲಿಖಿತ ನಿಯಮ ಮಾಡಿಸಿ. ಕಂಟೇನರಿಗೆ ಹೋಗುವವರು ಕೊನೆಯ ಇನ್ನೂರು ಮೀಟರನ್ನಾದರೂ ನಡೆದೋ ಸ್ಕೀ ಮೇಲೋ ಹೋಗಲಿ, ಅದೂ ಕೇಂದ್ರದ ಕಡೆಯಿಂದಲೇ. ಹೊಸ ಕಂಟೇನರ್ ಇಡುವುದಕ್ಕೂ ಅಂಟಾರ್ಕ್ಟಿಕದ ಪರಿಸರ ರಕ್ಷಣೆಯ ಮ್ಯಾಡ್ರಿಡ್ ಒಪ್ಪಂದದ ಪ್ರಕಾರ ಮುಂಚಿತವಾಗಿ ಪರಿಸರ ಪರಿಣಾಮದ ಪರಿಶೀಲನೆ ಆಗಬೇಕು. ಇದನ್ನು ಕೊನೆ ಗಳಿಗೆಗೆ ಬಿಡಬೇಡಿ.

ಕೇಬಲ್ ಲೆಕ್ಕ: 3 ಕಿಲೋವ್ಯಾಟ್ ಹೊರೆ, 230 ವೋಲ್ಟ್ ಏಕಹಂತವಾದರೆ 13 ಆಂಪಿಯರ್. 10 ಚದರ ಮಿ.ಮೀ. ತಾಮ್ರದ ತಂತಿಗೆ ಕಿ.ಮೀ.ಗೆ ಸುಮಾರು 1.8 ಓಮ್, ಹೋಗಿ ಬರಲು 3.6. ಒಂದು ಕಿ.ಮೀ.ಯಲ್ಲೇ 47 ವೋಲ್ಟ್ ಕುಸಿತ, ಯಂತ್ರಗಳು ನಡೆಯಲಾರವು. ಅದೇ ತಂತಿಯಲ್ಲಿ 400 ವೋಲ್ಟ್ ಮೂರು ಹಂತ ಕಳಿಸಿ, ಹೊರೆಯನ್ನು ಮೂರಕ್ಕೂ ಸಮನಾಗಿ ಹಂಚಿದರೆ ಹಂತಕ್ಕೆ 4.3 ಆಂಪಿಯರ್, ಕುಸಿತ 8 ವೋಲ್ಟಿನೊಳಗೆ. ಪಿವಿಸಿ ಹೊದಿಕೆಯ ಕೇಬಲ್ ಚಳಿಯಲ್ಲಿ ಬಗ್ಗಿಸಿದರೆ ಬಿರುಕು ಬಿಡುತ್ತದೆ. ಪಾಲಿಯುರೆಥೇನ್ ಅಥವಾ ಸಿಲಿಕೋನ್ ಹೊದಿಕೆಯದನ್ನು ತರಿಸಿ.

ಹೊಗೆ ಬೇರ್ಪಡಿಸಲು ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಯಂತ್ರ ಬೇಕೇ ಬೇಕು: ಬ್ಯುಟನಾಲ್ ಆವಿಯಿಂದ ಕಣಗಳನ್ನು ದೊಡ್ಡದು ಮಾಡಿ ಎಣಿಸುವ ಸಿಪಿಸಿ. ಚಳಿಗಾಲದ ಹಿನ್ನೆಲೆ ಗಾಳಿಯಲ್ಲಿ ಘನ ಸೆಂಟಿಮೀಟರಿಗೆ ಕೆಲವು ಹತ್ತರಿಂದ ನೂರರ ಆಸುಪಾಸು ಕಣ. ಬೇಸಿಗೆಯಲ್ಲಿ ಕೆಲವು ನೂರು. ಜನರೇಟರ್ ಹೊಗೆ ಮುಟ್ಟಿದರೆ ಅದು ಸಾವಿರಗಳಿಗೆ, ಹತ್ತಾರು ಸಾವಿರಗಳಿಗೆ ಜಿಗಿಯುತ್ತದೆ, ಅದೂ ಸೆಕೆಂಡುಗಳಲ್ಲಿ. ಬೇರೆ ಯಾವ ಯಂತ್ರವೂ ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ಹೊಗೆಯನ್ನು ಹಿಡಿಯುವುದಿಲ್ಲ.

ಅಳತೆಗೋಲು ಹೀಗೆ. ಆಗ್ನೇಯಕ್ಕೆ ಕಂಟೇನರ್ ಇದ್ದರೆ ಅಲ್ಲಿಂದ ಕೇಂದ್ರ ಕಾಣುವುದು 315 ಡಿಗ್ರಿಯಲ್ಲಿ. ಕೇಂದ್ರದ ಹರವು 300 ಮೀಟರ್ ಎಂದುಕೊಂಡರೆ ಒಂದು ಕಿ.ಮೀ. ದೂರಕ್ಕೆ ಅದು ಸುಮಾರು 17 ಡಿಗ್ರಿ. ಅದರ ಅರ್ಧಕ್ಕೆ ಗಾಳಿಯ ತೂಗಾಟಕ್ಕೆಂದು ಎರಡೂ ಕಡೆ 30 ಡಿಗ್ರಿ ಸೇರಿಸಿ. ಅಲ್ಲಿಗೆ 275ರಿಂದ 355 ಸಂಶಯದ ವಲಯ. ಈ ವಲಯದಿಂದ ಗಾಳಿ ಬಂದರೂ, ಗಾಳಿಯ ವೇಗ ಸೆಕೆಂಡಿಗೆ 2 ಮೀಟರಿಗಿಂತ ಕಡಿಮೆಯಾದರೂ ಆ ನಿಮಿಷಕ್ಕೆ ಗುರುತು ಬೀಳಬೇಕು. ಮೂರನೆಯದು ಸಿಪಿಸಿಯದು: ಒಂದು ನಿಮಿಷದ ಎಣಿಕೆ ಹಿಂದಿನ ಹದಿನೈದು ನಿಮಿಷದ ಮಧ್ಯಮಾನದ ಮೂರು ಪಟ್ಟು ದಾಟಿದರೆ ಗುರುತು. ಈ 'ಮೂರು' ದೇವರು ಕೊಟ್ಟ ಅಂಕಿಯಲ್ಲ. ಮೊದಲ ಎರಡು ತಿಂಗಳ ದತ್ತಾಂಶ ನೋಡಿ ಹೊಂದಿಸಿಕೊಳ್ಳಿ.

ಗುರುತು ಹಾಕಿ ಎಂದೆ, ಅಳಿಸಿ ಎಂದಲ್ಲ. ಒಂದು ನಿಮಿಷದ ಕಚ್ಚಾ ದತ್ತಾಂಶ ಎಂದಿಗೂ ಹಾಗೇ ಇರಲಿ, ಪಕ್ಕದ ಕಾಲಂನಲ್ಲಿ ಗುರುತು ಇರಲಿ. ನಾಳೆ ಯಾರಾದರೂ ಇನ್ನೂ ಒಳ್ಳೆಯ ವಿಧಾನ ಕಂಡುಹಿಡಿದರೆ ಹಳೆಯದನ್ನು ಮರಳಿ ಸೋಸಬಹುದು. ಗಂಟೆಯ ಸರಾಸರಿ ಮಾತ್ರ ಉಳಿಸಿಕೊಂಡವರಿಗೆ ಆ ದಾರಿ ಮುಚ್ಚಿತು. ಎರಡು ನಿಮಿಷದ ಹೊಗೆ ಇಡೀ ಗಂಟೆಯನ್ನು ಕೆಡಿಸಿರುತ್ತದೆ, ಯಾವ ಎರಡು ನಿಮಿಷ ಎಂದು ಗೊತ್ತಾಗುವುದಿಲ್ಲ.

---

ಕೊಳವೆಪಂಪು

ಜಾಗದ ಬಗ್ಗೆ ಮೇಲೆ ಹೇಳಿದ್ದಕ್ಕೆ ಸೇರಿಸುವುದು ಇಷ್ಟೇ: ಕಂಟೇನರನ್ನು ಹಿಮದ ಮೇಲೆ ನೇರ ಕೂರಿಸಬೇಡಿ. ಕಾಲುಗಳ ಮೇಲೆ, ಅಡಿಯಲ್ಲಿ ಎರಡು ಮೀಟರ್ ಖಾಲಿ ಬಿಟ್ಟು ನಿಲ್ಲಿಸಿ. ಅಡಿಯಿಂದ ಗಾಳಿ ನುಗ್ಗಿದರೆ ಹಿಮ ತಾನಾಗಿ ಕೊಚ್ಚಿಕೊಂಡು ಹೋಗುತ್ತದೆ. ಇಲ್ಲವಾದರೆ ಹಿಂಬದಿ ದಿಬ್ಬ ಬೆಳೆದು ಒಂದೆರಡು ಚಳಿಗಾಲದಲ್ಲಿ ಬಾಗಿಲು ಹೂತುಹೋಗುತ್ತದೆ.

ಈಗ ಇನ್‌ಲೆಟ್. ಅನಿಲಕ್ಕೆ ಒಂದು, ಕಣಕ್ಕೆ ಒಂದು, ಎರಡು ಪ್ರತ್ಯೇಕ ಕೊಳವೆ. ಕಣದ ಕೊಳವೆ ತುಕ್ಕು ಹಿಡಿಯದ ಉಕ್ಕಿನದು, ನೆಟ್ಟಗೆ, ಚಾವಣಿಯಿಂದ ಮೂರು ಮೀಟರಾದರೂ ಮೇಲೆ. ವ್ಯಾಸದಲ್ಲಿ ಬಹಳ ಜನ ಎಡವುತ್ತಾರೆ. ನಿಮಿಷಕ್ಕೆ 16.7 ಲೀಟರ್ ಹರಿವಿಗೆ ಒಳವ್ಯಾಸ 10 ಮಿ.ಮೀ. ಇಟ್ಟರೆ ವೇಗ ಸೆಕೆಂಡಿಗೆ 3.5 ಮೀಟರ್, ರೆನಾಲ್ಡ್ಸ್ ಸಂಖ್ಯೆ (ಹರಿವು ಸುಳಿಗೊಳ್ಳುತ್ತದೋ ಇಲ್ಲವೋ ಎಂದು ಹೇಳುವ ಅಂಕಿ) ಕೋಣೆಯ ಉಷ್ಣತೆಯಲ್ಲೇ ಸುಳಿ ಶುರುವಾಗುವ 2,300 ದಾಟುತ್ತದೆ. ಹೊರಗಿನ ಚಳಿ ಭಾಗದಲ್ಲಿ ಗಾಳಿಯ ಸ್ನಿಗ್ಧತೆ ಕಡಿಮೆಯಾಗಿ 2,700ರ ಹತ್ತಿರ ಬರುತ್ತದೆ. ಹರಿವು ಸುಳಿಗೊಂಡು ಕಣಗಳು ಗೋಡೆಗೆ ಅಂಟುತ್ತವೆ. ಒಳವ್ಯಾಸ 16 ಮಿ.ಮೀ. ಮಾಡಿ. ರೆನಾಲ್ಡ್ಸ್ ಸಂಖ್ಯೆ ಒಳಗೆ 1,500, ಹೊರಗೆ 1,700ರ ಸುಮಾರು. ಹರಿವು ಪದರ ಪದರವಾಗಿ ನೆಮ್ಮದಿಯಿಂದ ಸಾಗುತ್ತದೆ.

ಪ್ಲಾಸ್ಟಿಕ್ ಕೊಳವೆ ಕಣಕ್ಕೆ ಬೇಡವೇ ಬೇಡ. ಅಲ್ಲಿನ ಒಣ ಗಾಳಿಯಲ್ಲಿ ಅದು ಸ್ಥಿರ ವಿದ್ಯುತ್ ತುಂಬಿಕೊಂಡು ಕಣಗಳನ್ನು ಎಳೆದುಕೊಳ್ಳುತ್ತದೆ. ಯಂತ್ರದ ಬಳಿ ಬಾಗಿಸಲು ಕಪ್ಪು ವಾಹಕ ಸಿಲಿಕೋನ್ ಕೊಳವೆ ಅನಿವಾರ್ಯವಾದರೆ ಒಂದು ಗೇಣಿಗಿಂತ ಹೆಚ್ಚು ಬೇಡ, ಅದರಿಂದ ಸಿಲೋಕ್ಸೇನ್ ಆವಿ ಬಿಡುಗಡೆಯಾಗುತ್ತದೆ. ಭೂಸಂಪರ್ಕ ಇನ್ನೊಂದು ತಲೆನೋವು: ಹಿಮ ವಿದ್ಯುತ್ ಹರಿಸುವುದಿಲ್ಲ, ನೆಲಕ್ಕೆ ಸರಳು ನೆಟ್ಟು ಪ್ರಯೋಜನವಿಲ್ಲ. ಕಂಟೇನರಿನ ಚೌಕಟ್ಟು, ಇನ್‌ಲೆಟ್, ಯಂತ್ರದ ರ್‍ಯಾಕ್ ಎಲ್ಲವನ್ನೂ ಒಂದೇ ತಾಮ್ರದ ಪಟ್ಟಿಗೆ ಜೋಡಿಸಿ, ಅದನ್ನು ಕೇಬಲಿನ ರಕ್ಷಣಾ ತಂತಿಗೆ ಸೇರಿಸಿ. ಯಾವುದೇ ಸರ್ಕ್ಯೂಟ್ ಬೋರ್ಡ್ ಮುಟ್ಟುವ ಮೊದಲು ಆ ಪಟ್ಟಿ ಮುಟ್ಟುವುದು ಅಭ್ಯಾಸವಾಗಲಿ.

ಕೊಳವೆಗೆ ಒಣಗಿಸುವ ಹೀಟರ್ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಬೇಡ. ಮೈನಸ್ 25 ಡಿಗ್ರಿಯ ಸಂತೃಪ್ತ ಗಾಳಿಯಲ್ಲಿ ನೀರಾವಿಯ ಒತ್ತಡ 0.63 ಹೆಕ್ಟೋಪಾಸ್ಕಲ್. ಅದೇ ಗಾಳಿ 20 ಡಿಗ್ರಿಯ ಕೋಣೆಗೆ ಬಂದಾಗ ತೇವಾಂಶ ಶೇ 3ಕ್ಕೂ ಕಡಿಮೆ. ಬೇಸಿಗೆಯಲ್ಲಿ ಸೊನ್ನೆ ಡಿಗ್ರಿಯ ಸಂತೃಪ್ತ ಗಾಳಿ ಬಂದರೂ ಶೇ 26. ಕಣ ಮಾಪನಕ್ಕೆ ವಿಶ್ವ ಹವಾಮಾನ ಸಂಸ್ಥೆಯ ಜಾಗತಿಕ ವಾಯುಮಂಡಲ ವೀಕ್ಷಣೆ ಕಾರ್ಯಕ್ರಮದ ಮಾರ್ಗಸೂಚಿ ಕೇಳುವುದು ಶೇ 40ರ ಒಳಗೆ. ಕೋಣೆಯ ಬೆಚ್ಚಗೇ ಸಾಕು. ಅನಗತ್ಯವಾಗಿ ಕಾಯಿಸಿದರೆ ಆವಿಯಾಗಬಲ್ಲ ಕಣಗಳು ದಾರಿಯಲ್ಲೇ ಕರಗಿಹೋಗುತ್ತವೆ. ಹೀಟರ್ ಬೇಕಾದದ್ದು ಒಂದೇ ಕಡೆ, ಇನ್‌ಲೆಟ್ ತಲೆಯ ಅಂಚಿಗೆ, ಮಂಜು ಗಡ್ಡೆಕಟ್ಟಿ ಬಾಯಿ ಮುಚ್ಚದಂತೆ. ಅದಕ್ಕೆ ಥರ್ಮೋಸ್ಟಾಟ್ ಇರುವ ಸಣ್ಣ ಹೀಟಿಂಗ್ ಟೇಪು ಸಾಲುತ್ತದೆ.

ಇನ್‌ಲೆಟ್ ಕಟ್ಟಿಕೊಳ್ಳುವುದು ಬಹುಪಾಲು ಹೊರಗಿನ ಹಿಮದಿಂದ ಎಂದುಕೊಳ್ಳುತ್ತೇವೆ. ಇನ್ನೊಂದು ಕಾರಣವಿದೆ, ಅದನ್ನು ಊಹಿಸುವವರು ಕಡಿಮೆ. ಪಂಪ್ ನಿಂತಾಗ ಕಂಟೇನರಿನ ಬೆಚ್ಚನೆಯ ತೇವದ ಗಾಳಿ ಹೊಗೆಕೊಳವೆಯಲ್ಲಿ ಏರುವ ಹಾಗೆ ಇನ್‌ಲೆಟ್ಟಿನೊಳಗೆ ಏರಿ, ಚಳಿ ಭಾಗದಲ್ಲಿ ಮಂಜುಗಡ್ಡೆಯಾಗಿ ಕೂರುತ್ತದೆ. ಒಂದು ರಾತ್ರಿ ಪಂಪ್ ನಿಂತರೆ ಸಾಕು. ಪಂಪ್ ನಿಂತ ಕೂಡಲೇ ತಾನಾಗಿ ಮುಚ್ಚುವ ಬಾಲ್ ವಾಲ್ವ್ ಅನ್ನು ಚಾವಣಿಯ ಒಳಬದಿಯಲ್ಲಿ ಹಾಕಿ. ಅದರ ರಂಧ್ರ ಕೊಳವೆಯ ಒಳವ್ಯಾಸದಷ್ಟೇ ಇರಲಿ.

ಪಂಪಿನ ಹೊರಗಾಳಿಯನ್ನು ಕಂಟೇನರಿನೊಳಗೆ ಬಿಡಬೇಡಿ. ಗ್ರಾಫೈಟ್ ರೆಕ್ಕೆಯ ಪಂಪ್ ತಾನೇ ಕಪ್ಪು ಪುಡಿ ಉಗುಳುತ್ತದೆ, ಈಥಲೋಮೀಟರ್ ಅದನ್ನು ಹೊಗೆಯೆಂದೇ ಓದುತ್ತದೆ. ಸೂಕ್ಷ್ಮ ಕಣ ತಡೆಯುವ ಹೆಪಾ ಫಿಲ್ಟರ್ ಮೂಲಕ ಹಾಯಿಸಿ, ಇನ್‌ಲೆಟ್ಟಿನ ಎದುರು ಬದಿಗೆ, ಗಾಳಿ ಹೋಗುವ ಕಡೆಗೆ ಬಿಡಿ. ಸಿಪಿಸಿಯ ಬ್ಯುಟನಾಲ್ ಆವಿಗೂ ಇದೇ ದಾರಿ.

ಬೀಟಾ ಮಾನಿಟರಿಗೆ ಹೊರ ಉಷ್ಣತೆಯ ಸೆನ್ಸರ್ ಕಡ್ಡಾಯವಾಗಿ ಜೋಡಿಸಿ. ಪಿಎಂ ತಲೆಯ, ಅಂದರೆ ದೊಡ್ಡ ಕಣಗಳನ್ನು ತಡೆಯುವ ಇನ್‌ಲೆಟ್ ಬಾಯಿಯ, ಗಾತ್ರದ ಮಿತಿ ಹೊರಗಿನ ಉಷ್ಣತೆಯಲ್ಲಿ ನಿಮಿಷಕ್ಕೆ 16.7 ಲೀಟರ್ ಹರಿದರೆ ಮಾತ್ರ ಸರಿ. ಯಂತ್ರ ಒಳಗಿನ 20 ಡಿಗ್ರಿಗೆ ಹರಿವು ಲೆಕ್ಕ ಹಾಕಿದರೆ, ಹೊರಗೆ ಮೈನಸ್ 30 ಇದ್ದಾಗ ತಲೆಯ ಮೂಲಕ ಹೋಗುವುದು 13.9 ಲೀಟರ್ ಅಷ್ಟೇ. ಮಿತಿಗಿಂತ ದೊಡ್ಡ ಕಣಗಳೂ ಒಳಗೆ ನುಸುಳುತ್ತವೆ.

---

ದಕ್ಷಿಣವಾಯು

ಇಬ್ಬರಿಗೂ ಧನ್ಯವಾದ. ಜಾಗ ಬದಲಿಸುವ ಟಿಪ್ಪಣಿ ಬರೆಯುತ್ತಿದ್ದೇನೆ, ಕೇಬಲ್ ಲೆಕ್ಕವನ್ನು ಹಾಗೇ ಸೇರಿಸುತ್ತೇನೆ.

ಇನ್ನೊಂದು ಗೊಂದಲ. ಹತ್ತಿರದ ಕೇಂದ್ರವೊಂದರ ಹಳೆಯ ಓಝೋನ್ ದತ್ತಾಂಶ ನೋಡಿದೆ. ಸೆಪ್ಟೆಂಬರಿನಲ್ಲಿ 30 ಪಿಪಿಬಿಯಿಂದ (ಪಿಪಿಬಿ ಎಂದರೆ ನೂರು ಕೋಟಿಯಲ್ಲೊಂದು ಪಾಲು) ಕೆಲವೇ ಗಂಟೆಯಲ್ಲಿ 2ಕ್ಕೆ ಇಳಿದು, ಒಂದೂವರೆ ದಿನ ಹಾಗೇ ಇದೆ. ಅದನ್ನು 'ಯಂತ್ರದೋಷ' ಎಂದು ಕಿತ್ತುಹಾಕಿದ್ದಾರೆ. ನಮ್ಮಲ್ಲೂ ಹೀಗೆ ಬಂದರೆ ಏನು ಮಾಡಬೇಕು?

---

ನೀಲಕಿರಣ

ಅದನ್ನು ಕಿತ್ತುಹಾಕಿದ್ದು ದೊಡ್ಡ ನಷ್ಟ. ಧ್ರುವದ ವಸಂತದಲ್ಲಿ ನೆಲಮಟ್ಟದ ಓಝೋನ್ ಸೊನ್ನೆಯ ಹತ್ತಿರ ಇಳಿಯುವುದು ನಿಜವಾದ ಘಟನೆ. ಬಿಸಿಲು ಮರಳಿದಾಗ ಸಮುದ್ರದ ಮಂಜುಗಡ್ಡೆಯ ಉಪ್ಪಿನಿಂದ ಹೊರಬರುವ ಬ್ರೋಮಿನ್, ಓಝೋನನ್ನು ಸರಪಳಿಯಾಗಿ ತಿನ್ನುತ್ತದೆ. ಆರ್ಕ್ಟಿಕ್‌ನಲ್ಲಿ ಇದನ್ನು 1980ರ ದಶಕದಲ್ಲೇ ಗುರುತಿಸಿದ್ದರು. ಕೆನಡಾದ ಅಲರ್ಟ್‌ನಲ್ಲಿ ಅದೇ ಹೊತ್ತಿಗೆ ಗಾಳಿಯ ಪಾದರಸವೂ ಮಾಯವಾಗುತ್ತದೆ ಎಂಬುದು 1998ರಲ್ಲಿ ಪ್ರಕಟವಾಯಿತು. ಇದು ಎತ್ತರದ ಓಝೋನ್ ರಂಧ್ರವಲ್ಲ, ಎರಡನ್ನೂ ಬೆರೆಸಬೇಡಿ. ಅದು ಸುಮಾರು 15–20 ಕಿ.ಮೀ. ಎತ್ತರದ ಕತೆ, ಇದು ನಿಮ್ಮ ಇನ್‌ಲೆಟ್ಟಿನ ಎತ್ತರದ್ದು.

ಆದರೆ ಯಂತ್ರ ಕೆಟ್ಟಾಗಲೂ, ಹೊಗೆ ತಾಗಿದಾಗಲೂ ಓಝೋನ್ ಇಳಿಯುತ್ತದೆ. ಮೂರನ್ನೂ ಹೀಗೆ ಬೇರೆ ಮಾಡಿ.

ಹೊಗೆಯಾದರೆ ಇಳಿತ ನಿಮಿಷಗಳದು, ಗರಗಸದ ಹಲ್ಲಿನಂತೆ. ಜನರೇಟರಿನ ನೈಟ್ರಿಕ್ ಆಕ್ಸೈಡ್ ಓಝೋನನ್ನು ಒಂದಕ್ಕೊಂದರಂತೆ ತಿನ್ನುತ್ತದೆ: 20 ಪಿಪಿಬಿ ಬಂದರೆ ಸುಮಾರು 20 ಪಿಪಿಬಿ ಓಝೋನ್ ಹೋಗುತ್ತದೆ. ಅದೇ ಕ್ಷಣ ಸಿಪಿಸಿ ಜಿಗಿದಿರುತ್ತದೆ, ನೈಟ್ರೋಜನ್ ಆಕ್ಸೈಡ್ ಯಂತ್ರವೂ ಏರಿರುತ್ತದೆ.

ಬ್ರೋಮಿನ್ ಆದರೆ ಇಳಿತ ಗಂಟೆಗಳಿಂದ ದಿನಗಳವರೆಗೆ. ಸಿಪಿಸಿ, ಕಪ್ಪು ಇಂಗಾಲ ಎರಡೂ ಶಾಂತ. ಗಾಳಿ ಸಮುದ್ರದ ಮಂಜುಗಡ್ಡೆಯ ಮೇಲಿನಿಂದ ಬಂದಿರುತ್ತದೆ. ಅಂಟಾರ್ಕ್ಟಿಕ ಕರಾವಳಿಯಲ್ಲಿ ಆಗಸ್ಟ್‌ನಿಂದ ನವೆಂಬರ್, ಆರ್ಕ್ಟಿಕ್‌ನಲ್ಲಿ ಮಾರ್ಚ್‌ನಿಂದ ಮೇ ಇದರ ಕಾಲ.

ಯಂತ್ರದೋಷವಾದರೆ ಕಾಲವೂ ಇಲ್ಲ, ಗಾಳಿಯ ದಿಕ್ಕೂ ಇಲ್ಲ. ಸಾಮಾನ್ಯ ಕಾರಣ ಸೋರಿಕೆ. ಕೋಣೆಯ ಗಾಳಿಯಲ್ಲಿ ಓಝೋನ್ ಕಡಿಮೆ, ಅದು ಸೇರಿಕೊಂಡರೆ ಓದು ಇಳಿಯುತ್ತದೆ. ಇನ್‌ಲೆಟ್ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಹರಿವು ಸೊನ್ನೆಗೆ ಬರಬೇಕು. ಬರದಿದ್ದರೆ ಸೋರಿಕೆ ಹುಡುಕಿ. ಚಳಿಯಲ್ಲಿ ನೈಟ್ರೈಲ್ ರಬ್ಬರಿನ ಓ-ರಿಂಗ್ ಗಟ್ಟಿಯಾಗಿ ಬಿಗಿ ಬಿಡುತ್ತದೆ, ಮೊದಲು ಅದನ್ನೇ ನೋಡಿ. ಎರಡನೆಯ ಕಾರಣ ಓಝೋನ್ ಹೀರುವ ಸ್ಕ್ರಬ್ಬರ್ ಸವೆದಿರುವುದು. ಯಂತ್ರ ಹೊರಗಿನ ಗಾಳಿಯನ್ನು ಓಝೋನ್ ತೆಗೆದ ಗಾಳಿಯ ಜೊತೆ ಹೋಲಿಸುತ್ತದೆ. ಆ ಹೋಲಿಕೆಯ ಗಾಳಿಯಲ್ಲೂ ಓಝೋನ್ ಉಳಿದುಬಿಟ್ಟರೆ ವ್ಯತ್ಯಾಸ ಕಡಿಮೆಯಾಗಿ ಓದು ಕಡಿಮೆ ಬರುತ್ತದೆ. ಬಿಡಿ ಸ್ಕ್ರಬ್ಬರ್ ಎರಡಿರಲಿ.

ವಾರಕ್ಕೊಮ್ಮೆ ಇದ್ದಿಲ ಡಬ್ಬಿಯ ಮೂಲಕ ಅರ್ಧ ಗಂಟೆ ಸೊನ್ನೆ ಪರೀಕ್ಷೆ ಮಾಡಿ. ಆಗ ಬರುವ ಓದನ್ನು ಬರೆದಿಡಿ, ಯಂತ್ರದಲ್ಲಿ ಮಾತ್ರ ಸರಿಪಡಿಸಬೇಡಿ. ಸೊನ್ನೆ ಎಷ್ಟು ಸರಿದಿದೆ ಎಂಬುದರ ಇತಿಹಾಸ ಇದ್ದರೆ ಸೆಪ್ಟೆಂಬರಿನ ಆ '2'ರ ಬಗ್ಗೆ ಯಾರೂ ಸಂಶಯ ಪಡುವುದಿಲ್ಲ.

ಕೊಳವೆ ಪಿಎಫ್‌ಎ ಟೆಫ್ಲಾನ್. ಹತ್ತು ಮೀಟರ್ ಉದ್ದ, 4 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ ಹಿಡಿಯುವುದು 126 ಘನ ಸೆಂ.ಮೀ. ಗಾಳಿ. ನಿಮಿಷಕ್ಕೆ ಒಂದೂವರೆ ಲೀಟರ್ ಹರಿದರೆ ಗಾಳಿ ಅದರೊಳಗೆ 5 ಸೆಕೆಂಡು ಇರುತ್ತದೆ. ಅದಕ್ಕಿಂತ ಹೆಚ್ಚು ಬೇಡ. ಹೊಸ ಟೆಫ್ಲಾನ್ ಫಿಲ್ಟರ್ ಹಾಕಿದ ಮೊದಲ ಕೆಲವು ಗಂಟೆ ಅದು ಓಝೋನ್ ನುಂಗುತ್ತದೆ. ಯಂತ್ರದ ಓಝೋನ್ ಉತ್ಪಾದಕದಿಂದ ರಾತ್ರಿಯಿಡೀ ಹದಗೊಳಿಸಿ ಆಮೇಲೆ ಹಾಕಿ.

ಹಳೆಯ ದತ್ತಾಂಶದ ಜೊತೆ ಹೋಲಿಸುವವರಿಗೆ ಒಂದು ಮಾತು. ಓಝೋನ್ 254 ನ್ಯಾನೋಮೀಟರ್ ಬೆಳಕನ್ನು ಹೀರುವ ಪ್ರಮಾಣದ ಒಪ್ಪಿತ ಬೆಲೆ ಬದಲಾಗಿದೆ. ಹೊಸ ಬೆಲೆಗೆ ಹೊಂದಿಸಿದ ಯಂತ್ರ ಹಳೆಯದಕ್ಕಿಂತ ಸುಮಾರು ಶೇ 1.3 ಹೆಚ್ಚು ತೋರಿಸುತ್ತದೆ. ನಿಮ್ಮ ಕಡತದ ತಲೆಬರಹದಲ್ಲಿ ಯಾವ ಬೆಲೆ ಬಳಸಿದ್ದೀರಿ ಎಂದು ಬರೆಯದಿದ್ದರೆ, ಮುಂದೊಂದು ದಿನ ಅದನ್ನು ಯಾರೋ 'ಓಝೋನ್ ಏರಿಕೆ' ಎಂದು ಓದುತ್ತಾರೆ.

---

ಬೆಳಕಿಂಡಿ

@ಕಣಗಣಕ, ನಿಮ್ಮ ಮೂರು ಪಟ್ಟಿನ ಅಳತೆಗೆ ಒಂದು ತಕರಾರು. ಬೇಸಿಗೆಯ ಬಿಸಿಲಲ್ಲಿ ಕರಾವಳಿಯಲ್ಲಿ ಗಾಳಿಯಲ್ಲೇ ಹೊಸ ಕಣಗಳು ಹುಟ್ಟುತ್ತವೆ. ಸಮುದ್ರದ ಪಾಚಿಯಿಂದ ಬರುವ ಡೈಮಿಥೈಲ್ ಸಲ್ಫೈಡ್ ಅದಕ್ಕೆ ಮೂಲ. ಎಣಿಕೆ ಒಂದೇ ಗಂಟೆಯಲ್ಲಿ ಹಲವು ಪಟ್ಟು ಏರಬಹುದು. ಸಿಪಿಸಿ ಒಂದನ್ನೇ ನಂಬಿದರೆ ವಿಜ್ಞಾನಕ್ಕೆ ಬೇಕಾದದ್ದನ್ನೇ ಹೊಗೆಯೆಂದು ಗುರುತು ಹಾಕಿಬಿಡುತ್ತೀರಿ.

---

ಕಣಗಣಕ

ಒಪ್ಪುತ್ತೇನೆ, ನಾನು ಅಲ್ಲಿ ಅರ್ಧಕ್ಕೇ ನಿಲ್ಲಿಸಿದೆ. ಹೊಸ ಕಣ ಹುಟ್ಟುವಾಗ ಎಣಿಕೆ ಮೆಲ್ಲಗೆ ಏರಿ ಗಂಟೆಗಟ್ಟಲೆ ನಿಲ್ಲುತ್ತದೆ, ಒಂದು ನಿಮಿಷದಿಂದ ಇನ್ನೊಂದಕ್ಕೆ ಜಿಗಿತ ಕಡಿಮೆ, ನೈಟ್ರೋಜನ್ ಆಕ್ಸೈಡ್ ಅಲುಗುವುದಿಲ್ಲ. ಹೊಗೆಯಲ್ಲಿ ಎಣಿಕೆ ಕುಣಿಯುತ್ತದೆ. ಆದ್ದರಿಂದ ಎಣಿಕೆಯ ಮಟ್ಟಕ್ಕಿಂತ ಅದರ ಏರುಪೇರನ್ನು ನೋಡಿ: ಒಂದು ನಿಮಿಷದೊಳಗಿನ ಸೆಕೆಂಡು ಓದುಗಳ ಪ್ರಮಾಣ ವಿಚಲನೆ ಸರಾಸರಿಯ ಎಷ್ಟು ಭಾಗ ಎಂಬುದು ಒಳ್ಳೆಯ ಸೂಚಿ. ಅದರ ಜೊತೆ ನೈಟ್ರಿಕ್ ಆಕ್ಸೈಡ್ ಏರಿದ್ದರೆ ಮಾತ್ರ 'ಖಚಿತ ಹೊಗೆ', ಒಂದೇ ಏರಿದ್ದರೆ 'ಸಂಶಯ' ಎಂದು ಎರಡು ಬೇರೆ ಗುರುತು ಇಡಿ.

ನೈಟ್ರೋಜನ್ ಆಕ್ಸೈಡ್ ಯಂತ್ರದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ನಗರಕ್ಕೆ ಮಾಡಿದ ಯಂತ್ರ ಗುರುತಿಸಬಲ್ಲ ಕನಿಷ್ಠ ಪ್ರಮಾಣ ಪಿಪಿಬಿಯ ಅರ್ಧದ ಆಸುಪಾಸು. ಕರಾವಳಿಯ ಹಿನ್ನೆಲೆ ಗಾಳಿಯಲ್ಲಿರುವುದು ಪಿಪಿಟಿಗಳಲ್ಲಿ, ಅಂದರೆ ಪಿಪಿಬಿಯ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ. ಹಿನ್ನೆಲೆ ಅಳೆಯಲು ಅದು ನಿಷ್ಪ್ರಯೋಜಕ, ಹೊಗೆ ಹಿಡಿಯಲು ಒಳ್ಳೆಯ ಕಾವಲುಗಾರ. ಆ ಕೆಲಸಕ್ಕೇ ಇಟ್ಟುಕೊಳ್ಳಿ. ಅದರ ನೈಟ್ರೋಜನ್ ಡೈಆಕ್ಸೈಡ್ ಓದನ್ನು ಹಿನ್ನೆಲೆ ಎಂದು ಪ್ರಕಟಿಸಬೇಡಿ. ಮಾಲಿಬ್ಡಿನಂ ಪರಿವರ್ತಕ ನೈಟ್ರಿಕ್ ಆಮ್ಲವನ್ನೂ ಪ್ಯಾನ್ ಎಂಬ ಸಂಯುಕ್ತವನ್ನೂ ಅದರೊಳಗೇ ಸೇರಿಸಿ ಎಣಿಸುತ್ತದೆ.

---

ದಕ್ಷಿಣವಾಯು

ಹಾಗಾದರೆ ಬೀಟಾ ಮಾನಿಟರ್, ಈಥಲೋಮೀಟರ್, ಅಗ್ಗದ ಸೆನ್ಸರ್‌ಗಳು? ಪ್ರಯೋಗವಾಗಿ ನೋಡಿದಾಗ ಈಥಲೋಮೀಟರಿನ ಒಂದು ನಿಮಿಷದ ಓದಿನಲ್ಲಿ ಅರ್ಧಕ್ಕರ್ಧ ಋಣ ಸಂಖ್ಯೆಗಳು. ಸಾಫ್ಟ್‌ವೇರಿನಲ್ಲಿ ಅವನ್ನು ಸೊನ್ನೆ ಮಾಡುವ ಆಯ್ಕೆ ಹಾಕೋಣವೇ?

---

ಕಣಗಣಕ

ದಯವಿಟ್ಟು ಬೇಡ. ಅಲ್ಲಿನ ಕಪ್ಪು ಇಂಗಾಲ ಘನ ಮೀಟರಿಗೆ ಕೆಲವು ನ್ಯಾನೋಗ್ರಾಂ ಅಷ್ಟೇ. ಒಂದು ನಿಮಿಷದ ಓದಿನ ಗದ್ದಲ, ಅಂದರೆ ಅಡ್ಡಾದಿಡ್ಡಿ ಏರಿಳಿತ, ಅದಕ್ಕಿಂತ ಎಷ್ಟೋ ಪಟ್ಟು. ನಿಜ ಬೆಲೆ ಸೊನ್ನೆಯ ಹತ್ತಿರ ಇರುವಾಗ ಓದುಗಳು ಅರ್ಧ ಮೇಲೆ, ಅರ್ಧ ಕೆಳಗೆ ಬೀಳುವುದೇ ಯಂತ್ರ ಪ್ರಾಮಾಣಿಕವಾಗಿದೆ ಎಂಬುದಕ್ಕೆ ಸಾಕ್ಷಿ. ಋಣವನ್ನೆಲ್ಲ ಸೊನ್ನೆ ಮಾಡಿದರೆ ಉಳಿಯುವುದು ಮೇಲಿನ ಅರ್ಧ, ಸರಾಸರಿ ಸುಳ್ಳಾಗಿ ಉಬ್ಬುತ್ತದೆ. ಇಲ್ಲದ ಮಾಲಿನ್ಯವನ್ನು ನೀವೇ ಸೃಷ್ಟಿಸಿದಂತೆ.

ಈಥಲೋಮೀಟರ್ ಅಳೆಯುವುದು ಗಾಳಿ ಹಾಯುವ ಫಿಲ್ಟರ್ ಟೇಪಿನ ಕಪ್ಪು ಎಷ್ಟು ಹೊತ್ತಿನಲ್ಲಿ ಎಷ್ಟು ಏರಿತು ಎಂಬುದನ್ನು. ಒಂದೇ ಮಚ್ಚೆಯ ಮೇಲೆ ಆರಂಭ ಮತ್ತು ಕೊನೆಯ ಓದುಗಳ ನಡುವಿನ ಅವಧಿಯನ್ನು 1 ನಿಮಿಷದಿಂದ 60ಕ್ಕೆ ಹಿಗ್ಗಿಸಿದರೆ ಗದ್ದಲ ಹತ್ತಿರ ಹತ್ತಿರ 60ನೇ ಒಂದು ಪಾಲಿಗೆ ಇಳಿಯುತ್ತದೆ. ಮೊದಲು ಹೊಗೆಯ ನಿಮಿಷಗಳನ್ನು ತೆಗೆದು, ಆಮೇಲೆ ಉಳಿದ ತುಂಡುಗಳಿಂದ ಗಂಟೆಯ, ದಿನದ ಬೆಲೆ ಕಟ್ಟಿ. 880 ನ್ಯಾನೋಮೀಟರ್ ವಾಹಿನಿಯನ್ನೇ ಕಪ್ಪು ಇಂಗಾಲಕ್ಕೆ ಬಳಸಿ. ತಿಂಗಳಿಗೊಮ್ಮೆ ಹೆಪಾ ಫಿಲ್ಟರ್ ಹಾಕಿ ಒಂದು ದಿನ ಪೂರ್ತಿ ಸೊನ್ನೆ ಗಾಳಿ ಎಳೆಸಿದರೆ ನಿಮ್ಮ ಯಂತ್ರದ ಗದ್ದಲ ಎಷ್ಟೆಂದು ನಿಮಗೇ ಗೊತ್ತಾಗುತ್ತದೆ. ಇಷ್ಟು ಶುದ್ಧ ಗಾಳಿಯಲ್ಲಿ ಮಚ್ಚೆ ತುಂಬಲು ಬಹಳ ದಿನ ಹಿಡಿಯುತ್ತದೆ, ಟೇಪು ಮುಂದೆ ಸರಿಯುವುದನ್ನು ಕಪ್ಪಿನ ಮಿತಿಗೆ ಬಿಡದೆ ನಿಗದಿತ ಅವಧಿಗೆ ಹೊಂದಿಸಿ.

ಬೀಟಾ ಮಾನಿಟರಿಗೂ ಇದೇ ಮಾತು. ಗಂಟೆಯ ಓದಿನಲ್ಲಿ ಅದು ನಂಬಿಕೆಯಿಂದ ಗುರುತಿಸುವುದು ಘನ ಮೀಟರಿಗೆ ಸುಮಾರು 5 ಮೈಕ್ರೋಗ್ರಾಂನಿಂದ ಮೇಲೆ. ಅಲ್ಲಿನ ಗಾಳಿಯಲ್ಲಿ ಇರುವುದೇ ಅದಕ್ಕಿಂತ ಕಡಿಮೆ, ಅದರಲ್ಲೂ ಬಹುಪಾಲು ಸಮುದ್ರದ ಉಪ್ಪು. ದಿನದ ಸರಾಸರಿ ಮಾತ್ರ ಕೊಡಿ. ನನ್ನ ಅಭಿಪ್ರಾಯದಲ್ಲಿ ಅದರ ಬದಲು ವಾರಕ್ಕೊಂದು ಫಿಲ್ಟರ್ ಎಳೆದು, ಮೈನಸ್ 20ರಲ್ಲಿ ಕಾಪಿಟ್ಟು, ಹಡಗಿನಲ್ಲಿ ಕಳಿಸಿ ಸೋಡಿಯಂ, ಸಲ್ಫೇಟ್, ನೈಟ್ರೇಟ್ ಅಳೆಸಿದರೆ ಹೆಚ್ಚು ತಿಳಿಯುತ್ತದೆ. ಪ್ರತಿ ಹತ್ತು ಫಿಲ್ಟರಿಗೆ ಒಂದನ್ನು ಗಾಳಿ ಎಳೆಯದೆ ಹಾಗೇ ಹೋಲ್ಡರಿಗೆ ಹಾಕಿ ತೆಗೆಯಿರಿ, ಕೈಯಿಂದ ಎಷ್ಟು ಸೋಡಿಯಂ ಅಂಟುತ್ತದೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಎಲ್ಲ ಸಾಂದ್ರತೆಯನ್ನೂ ಸೊನ್ನೆ ಡಿಗ್ರಿ, 1013.25 ಹೆಕ್ಟೋಪಾಸ್ಕಲಿಗೆ ತಂದು ಬರೆಯಿರಿ. ಮೈನಸ್ 30 ಡಿಗ್ರಿ, 990 ಹೆಕ್ಟೋಪಾಸ್ಕಲ್ ಇದ್ದಾಗಿನ ಒಂದು ಘನ ಮೀಟರ್ ಆ ಲೆಕ್ಕದಲ್ಲಿ 1.10 ಘನ ಮೀಟರ್. ಇದನ್ನು ಬಿಟ್ಟರೆ ಶೇ 10ರಷ್ಟು ತಪ್ಪು ಸುಮ್ಮನೆ ಸೇರಿಕೊಳ್ಳುತ್ತದೆ, ಅದೂ ಋತುವಿಗೊಂದು ರೀತಿ.

---

ಬೆಳಕಿಂಡಿ

ಅಗ್ಗದ ಪಿಎಂ ಸೆನ್ಸರ್‌ಗಳನ್ನು ಹೊರಗೆ ಹಾಕಬೇಡಿ. ಬಹುತೇಕವು ಮೈನಸ್ 10 ಡಿಗ್ರಿವರೆಗೆ ಮಾತ್ರ ಖಾತರಿ. ಫ್ಯಾನಿನ ಎಣ್ಣೆ ಗಟ್ಟಿಯಾಗಿ ಹರಿವು ನಿಧಾನವಾದರೂ ಅವು ಅಂಕಿ ಕೊಡುತ್ತಲೇ ಇರುತ್ತವೆ, ಇದೇ ಅಪಾಯ. ಗಾಳಿ ಸೆಕೆಂಡಿಗೆ 7–8 ಮೀಟರ್ ದಾಟಿ ಹಿಮ ತೂರಲು ಶುರುವಾದರೆ ಹಿಮದ ಹರಳನ್ನೇ ಪಿಎಂ 10 ಎಂದು ಎಣಿಸುತ್ತವೆ.

ಆದರೆ ಕೇಂದ್ರದ ಒಳಗೆ ಅವು ಬಂಗಾರ. ಮೇಲೆ ಕಣಗಣಕ ಅವರು ಹೇಳಿದ ಮೊದಲ ಪ್ರಶ್ನೆಗೆ, ಜನ ಉಸಿರಾಡುವ ಗಾಳಿಗೆ, ಈ ಹತ್ತನ್ನೂ ಕೊಡಿ. ಅಡುಗೆಮನೆ, ಗ್ಯಾರೇಜ್, ಜನರೇಟರ್ ಕೋಣೆಯ ಬಾಗಿಲು, ಮಲಗುವ ಕೋಣೆಗಳು, ಹೊಸಗಾಳಿ ಎಳೆಯುವ ಕಿಂಡಿಯ ಒಳಬದಿ. ಆ ಕಿಂಡಿಯನ್ನು ತಪ್ಪಿಸಲೇಬೇಡಿ. ಗಾಳಿ ಅಪರೂಪಕ್ಕೆ ಪಶ್ಚಿಮದಿಂದ ಬೀಸಿದ ದಿನ ಜನರೇಟರಿನ ಹೊಗೆ ನೇರ ಅದರೊಳಗೆ ಹೋಗಬಹುದು, ಎಷ್ಟು ಒಳಹೋಯಿತೆಂದು ಹೊರಗಿನ ಕಂಟೇನರಿಗೆ ತಿಳಿಯುವುದೇ ಇಲ್ಲ.

ಪಿಎಂಗಿಂತ ತುರ್ತಿನದು ಕಾರ್ಬನ್ ಮೊನಾಕ್ಸೈಡ್. ಹೊಗೆಕೊಳವೆಯ ಬಾಯಿ ಹಿಮದಲ್ಲಿ ಮುಚ್ಚಿಕೊಂಡರೆ ಅನಿಲ ಒಳಗೇ ತುಂಬುತ್ತದೆ. ಜನರೇಟರ್ ಕೋಣೆ, ಗ್ಯಾರೇಜ್, ಒಲೆ ಇರುವ ಪ್ರತಿ ಗುಡಿಸಲು, ಹೊರಶಿಬಿರದ ಪ್ರತಿ ಡೇರೆಗೆ ಒಂದೊಂದು ಅಲಾರಂ ಇರಲಿ. ರಾಸಾಯನಿಕ ಕೋಶದ ಸೆನ್ಸರ್ ಶೇ 15ಕ್ಕಿಂತ ಕಡಿಮೆ ತೇವದಲ್ಲಿ ತಿಂಗಳುಗಟ್ಟಲೆ ಇದ್ದರೆ ಒಳಗಿನ ದ್ರವ ಒಣಗುತ್ತದೆ, ಕಾಯಿಸಿದ ಧ್ರುವ ಕಟ್ಟಡದೊಳಗಿನ ಗಾಳಿ ಅಷ್ಟೇ ಒಣಗಿರುತ್ತದೆ. ಅಲಾರಂನ ಪರೀಕ್ಷಾ ಗುಂಡಿ ಬರೀ ಸದ್ದು ಮತ್ತು ಬ್ಯಾಟರಿಯನ್ನು ನೋಡುತ್ತದೆ, ಸೆನ್ಸರನ್ನಲ್ಲ. ತಿಂಗಳಿಗೊಮ್ಮೆ ನಿಜವಾದ ಪರೀಕ್ಷಾ ಅನಿಲ ಹಾಯಿಸಿ ನೋಡಿ.

ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಹಾಕುವುದಾದರೆ ತಾನಾಗಿ ಸೊನ್ನೆ ಹೊಂದಿಸಿಕೊಳ್ಳುವ ವ್ಯವಸ್ಥೆಯನ್ನು ಮೊದಲು ಆರಿಸಿಡಿ. ವಾರಕ್ಕೊಮ್ಮೆಯಾದರೂ ಕೋಣೆ ಹೊರಗಿನ ಗಾಳಿಯ ಮಟ್ಟಕ್ಕೆ ಇಳಿಯುತ್ತದೆ ಎಂಬ ನಂಬಿಕೆಯ ಮೇಲೆ ಅದು ನಡೆಯುವುದು. ಚಳಿಗಾಲದ ಮುಚ್ಚಿದ ಕೇಂದ್ರದಲ್ಲಿ ಅದು ಆಗದು. 900 ಪಿಪಿಎಂ ಇರುವ ಗಾಳಿಯನ್ನೇ ಹೊರಗಿನದೆಂದು ತಿಳಿದು ಸೆನ್ಸರ್ 400 ಎಂದು ತೋರಿಸತೊಡಗುತ್ತದೆ. ನಿಮ್ಮದು ಕರಾವಳಿ, ಒತ್ತಡದ ಚಿಂತೆ ಕಡಿಮೆ. ದಕ್ಷಿಣ ಧ್ರುವದಂತೆ 2,835 ಮೀಟರ್ ಎತ್ತರದಲ್ಲಿ, 680 ಹೆಕ್ಟೋಪಾಸ್ಕಲಿನಲ್ಲಿ, ಒತ್ತಡ ತಿದ್ದದ ಸೆನ್ಸರ್ ಮೂರನೇ ಒಂದು ಪಾಲು ಕಡಿಮೆ ಓದುತ್ತದೆ.

---

ಕೊಳವೆಪಂಪು

ಹಡಗಿಗೆ ಏರಿಸುವ ಮುನ್ನ ನೋಡಬೇಕಾದವು. ಬೀಟಾ ಮಾನಿಟರಿನಲ್ಲಿ ಕಾರ್ಬನ್-14 ವಿಕಿರಣ ಮೂಲ ಇರುತ್ತದೆ, ಬ್ಯುಟನಾಲ್ ಬೆಂಕಿ ಹತ್ತುವ ದ್ರವ. ಎರಡಕ್ಕೂ ಸಾಗಣೆಯ ಅನುಮತಿ ಪತ್ರ ತಿಂಗಳುಗಳ ಮೊದಲೇ ಆಗಬೇಕು. ಸಿಪಿಸಿಯೊಳಗಿನ ಬ್ಯುಟನಾಲನ್ನು ಪೂರ್ತಿ ಬಸಿದು, ಒಣಗಿಸಿ ಪ್ಯಾಕ್ ಮಾಡಿ. ಹಾಗೇ ಕಳಿಸಿದರೆ ಸಮುದ್ರದ ಓಲಾಟಕ್ಕೆ ಅದು ಬೆಳಕಿನ ಭಾಗಕ್ಕೆ ನುಗ್ಗಿ ಯಂತ್ರ ಅಲ್ಲಿ ತಲುಪುವ ಮೊದಲೇ ಕೆಟ್ಟಿರುತ್ತದೆ. ಪ್ರತಿ ಪಂಪಿಗೆ ಎರಡು ಡಯಾಫ್ರಾಂ ಸೆಟ್, ಓಝೋನ್ ಯಂತ್ರಕ್ಕೆ ಒಂದು ಬಿಡಿ ದೀಪ, ಲೆಕ್ಕಕ್ಕಿಂತ ಒಂದೂವರೆ ಪಟ್ಟು ಟೇಪು, ಮತ್ತು ಹರಿವು ಅಳೆಯುವ ಸಾಧನ ಎರಡು. ಒಂದೇ ಇದ್ದು ಅದೇ ಕೆಟ್ಟರೆ ಉಳಿದ ಎಲ್ಲ ಯಂತ್ರಗಳ ಹರಿವೂ ಅಂದಾಜಾಗುತ್ತದೆ.

---

ದಕ್ಷಿಣವಾಯು

ಬರೆದುಕೊಂಡೆ. ಸಿಪಿಸಿಯನ್ನು ಪಟ್ಟಿಗೆ ಸೇರಿಸಿ, ಸೆನ್ಸರ್‌ಗಳನ್ನು ಒಳಗಿನ ಕೆಲಸಕ್ಕೆ ತಿರುಗಿಸಿದ್ದೇನೆ. ಜನರೇಟರ್ ಬದಲಾಯಿಸಿದ್ದು, ವಾಹನ ಓಡಾಡಿದ್ದು, ಕಸದ ಕುಲುಮೆ ಉರಿಸಿದ್ದು ಎಲ್ಲವನ್ನೂ ಬರೆದಿಡುವ ಪುಸ್ತಕವೊಂದು ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಇರುತ್ತದೆ.

---

ನೀಲಕಿರಣ

ಆ ಪುಸ್ತಕದ ಗಡಿಯಾರ ಮತ್ತು ಯಂತ್ರಗಳ ಗಡಿಯಾರ ಒಂದೇ ಇರಲಿ, ಎರಡೂ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ. ಯಂತ್ರಗಳು ಜಿಪಿಎಸ್‌ನಿಂದ ಸಮಯ ಪಡೆದು, ಪುಸ್ತಕದಲ್ಲಿ ಕೇಂದ್ರದ ಊಟದ ಹೊತ್ತಿನ ಸಮಯ ಬರೆದರೆ ಹೊಗೆಯ ಗುರುತುಗಳೆಲ್ಲ ಕೆಲವು ಗಂಟೆ ಅತ್ತಿತ್ತ ಬೀಳುತ್ತವೆ. ಕಂಟ್ರೋಲ್ ರೂಮಿನ ಗೋಡೆಗೆ ಯುಟಿಸಿ ತೋರಿಸುವ ಇನ್ನೊಂದು ಗಡಿಯಾರ ಹಾಕಿ, ಪುಸ್ತಕವನ್ನು ಅದರ ಕೆಳಗೇ ಕಟ್ಟಿಡಿ.